ದವಡೆ ಹಲ್ಲಿನ ಬಿಳಿ ಸಿಮೆಂಟು ಮತ್ತು ನನ್ನ ಬಾಯಿ

ಹಲ್ಲಿನ ಕ್ಲಿನಿಕ್ಕಿಗೆ ನಗುವುದಕ್ಕೆಂದು ಯಾರೂ ಬರುವುದಿಲ್ಲ. ಆದರೂ ವಾರಕ್ಕೊಮ್ಮೆಯಾದರೂ ನಮ್ಮಲ್ಲಿ ಏನಾದರೊಂದು ನಡೆಯುತ್ತದೆ. ನಡೆಯದಿದ್ದರೆ ನಾನೇ ನಡೆಸುತ್ತೇನೆ.

ಚನ್ನಪಟ್ಟಣದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ನಾನು ಇಪ್ಪತ್ತಮೂರು ವರ್ಷದಿಂದ ಕಾಂಪೌಂಡರ್. ಡಾಕ್ಟರು ಹಲ್ಲು ಕೊರೆಯುವಾಗ ಪೇಷೆಂಟಿನ ಬಾಯೊಳಗೆ ಎಂಜಲು ಎಳೆಯುವ ಪೈಪು ಹಿಡಿದುಕೊಂಡು ನಿಲ್ಲುವುದು ನನ್ನ ಕೆಲಸ. ಮೊದಲಿದ್ದ ಹಳೇ ಡಾಕ್ಟರು ದವಡೆ ಹಲ್ಲು ಹುಳುಕಾದರೆ ಬೆಳ್ಳಿ ಸಿಮೆಂಟು ತುಂಬುತ್ತಿದ್ದರು. ನೋಡುವುದಕ್ಕೆ ಕಪ್ಪು. ಆದರೆ ಪೇಷೆಂಟು ಹೋದರೂ ಸಿಮೆಂಟು ಹೋಗುತ್ತಿರಲಿಲ್ಲ. ಅವರು ವಯಸ್ಸಾಯಿತೆಂದು ಬಿಟ್ಟ ಮೇಲೆ ಕ್ಲಿನಿಕ್ಕನ್ನು ವಹಿಸಿಕೊಂಡವರು ಮಾಗಡಿ ಕಡೆಯ ತಿಪ್ಪಸಂದ್ರದ ರೈತರ ಮನೆಯ ಹೆಣ್ಣುಮಗಳು. ಬಂದ ದಿನವೇ ಈ ಹೊಸ ಡಾಕ್ಟರ್ ಮೇಡಂ ನನ್ನನ್ನು ಕರೆದು ಹೇಳಿದರು.

"ಅಣ್ಣಾ, ಇನ್ಮೇಲೆ ಬಿಳಿ ಸಿಮೆಂಟು. ಹಲ್ಲಿನ ಬಣ್ಣದ್ದೇ. ಹಾಕಿರೋದೇ ಗೊತ್ತಾಗಬಾರದು."

ಹಾಕಿದ್ದು ಯಾರಿಗೂ ಗೊತ್ತಾಗಲಿಲ್ಲ. ಬಿದ್ದಿದ್ದು ಮಾತ್ರ ಊರಿಗೆಲ್ಲ ಗೊತ್ತಾಯಿತು.

ಆ ಕತೆ ಇದು. ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲೂ ಯಾರಿಗಾದರೂ ಆಗಿಯೇ ಇರುತ್ತದೆ.

೧. ಬಿಸಿಲಿಗೆ ಬಾಯಿ

ಬಿಳಿ ಸಿಮೆಂಟು ಹಾಕುವುದು ಪೂಜೆಯ ಹಾಗೆ, ಒಂದರ ಹಿಂದೆ ಒಂದು ಶಾಸ್ತ್ರವಿದೆ. ಹುಳುಕು ಕೊರೆದು ತೆಗೆಯಬೇಕು. ಹಲ್ಲಿನ ಅಕ್ಕಪಕ್ಕ ಹತ್ತಿ ಸುರುಳಿ ಇಟ್ಟು ಎಂಜಲು ತಡೆಯಬೇಕು. ನೀಲಿ ಜೆಲ್ ಹಚ್ಚಿ, ತೊಳೆದು, ಗಾಳಿ ಹೊಡೆದು, ತೆಳ್ಳಗೆ ಅಂಟು ಬಳಿಯಬೇಕು. ಆಮೇಲೆ ಸಿಮೆಂಟನ್ನು ಒಂದು ತೆಳು ಪದರ ಇಟ್ಟು, ನೀಲಿ ಲೈಟು ಹಿಡಿದು ಗಟ್ಟಿ ಮಾಡಿ, ಅದರ ಮೇಲೆ ಇನ್ನೊಂದು ಪದರ. ಲೈಟು ಆಳಕ್ಕೆ ಇಳಿಯುವುದಿಲ್ಲ, ಅದಕ್ಕೇ ಪದರ ಪದರ. "ಅಣ್ಣಾ, ಹಲ್ಲು ಒಣಗಿರಬೇಕು" ಎಂದು ಮೇಡಂ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಬೈರಮಂಗಲದಿಂದ ಒಬ್ಬ ಯಜಮಾನರು ಬಂದರು. ಕುರ್ಚಿಯ ಮೇಲೆ ಮಲಗಿಸಿದರೆ ಕೈ ಕಾಲು ನಡುಗುತ್ತಿದೆ. ಮೇಡಂ ಅಂಟಿನ ಬಾಟಲಿ ತೆಗೆದುಕೊಳ್ಳಲು ಹಿಂದೆ ತಿರುಗಿದಾಗ ನಾನು ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ.

"ಯಜಮಾನ್ರೇ, ನಿಮ್ ಹಲ್ಲಿನ ತೂತಲ್ಲಿ ಒಂದ್ ಬಾಡಿನ್ ಚೂರು ಸಿಕ್ತು. ಹೋದ್ ವರ್ಸದ ಮಾರಿಹಬ್ಬದ್ದಾ, ಅದ್ರ ಹಿಂದಿನ್ ವರ್ಸದ್ದಾ?"

ಅವರ ಹೊಟ್ಟೆ ಕುಲುಕಿತು. ಹತ್ತಿ ಸುರುಳಿ ಜಾರಿ ನಾಲಿಗೆಯ ಮೇಲೆ ಬಂತು. ನಾನು ಅದನ್ನು ಬೆರಳಲ್ಲಿ ಒತ್ತಿ, ಪೈಪು ಆಡಿಸಿ, ಮೇಡಂ ಇತ್ತ ತಿರುಗುವಷ್ಟರಲ್ಲಿ ಎಲ್ಲ ಸರಿ ಮಾಡಿದೆ. ಯಜಮಾನರ ನಡುಕವೂ ನಿಂತಿತ್ತು. ನನಗೆ ಹೆಸರಿದ್ದದ್ದೇ ಹೀಗೆ ನಗಿಸಿ ಹೆದರಿಕೆ ಬಿಡಿಸುವುದಕ್ಕೆ.

ಎಲ್ಲ ಮುಗಿದ ಮೇಲೆ ಮೇಡಂ, "ಈಗಲೇ ಊಟ ಮಾಡಬಹುದು, ಲೈಟಲ್ಲೇ ಗಟ್ಟಿಯಾಗಿದೆ" ಎಂದರು. ಯಜಮಾನರಿಗೆ ನಂಬಿಕೆ ಬರಲಿಲ್ಲ. ಬೆಳ್ಳಿ ಸಿಮೆಂಟಿನ ಕಾಲದಲ್ಲಿ ಒಂದು ದಿನ ಆ ಕಡೆ ಅಗಿಯುವ ಹಾಗಿರಲಿಲ್ಲ. ಬಾಗಿಲ ಹತ್ತಿರ ನನ್ನನ್ನು ಹಿಡಿದರು.

"ದಿಟವೇ ಕಾಂಪೌಂಡ್ರೇ? ಅಷ್ಟ್ ಬಿರ್ನೆ ಒಣಗ್ಬುಡ್ತದಾ?"

"ಮೇಲ್ಗಡೆ ಒಣಗೈತೆ," ಎಂದೆ ನಾನು, ಮುಖ ಗಂಭೀರ ಮಾಡಿಕೊಂಡು. "ಆ ಲೈಟು ಅಕ್ಕಿಕಾಳಷ್ಟೇ ಒಳೀಕ್ ಹೋಗೋದು. ತಳ ಒಣಗ್ಬೇಕಂದ್ರೆ ಒಸಿ ಬಿಸ್ಲು ಕಾಣುಸ್ಬೇಕು."

ಮಧ್ಯಾಹ್ನ ಊಟಕ್ಕೆ ಹೊರಟ ಮೇಡಂ ಬಸ್‌ಸ್ಟ್ಯಾಂಡಿನಲ್ಲಿ ನಿಂತುಬಿಟ್ಟರು. ಯಜಮಾನರು ಕಲ್ಲುಬೆಂಚಿನ ಮೇಲೆ ಸೂರ್ಯನಿಗೆ ಎದುರಾಗಿ ಬಾಯಿ ಅಗಲಿಸಿಕೊಂಡು ಕೂತಿದ್ದರು. ಬಿಡದಿಯ ಬಸ್ಸು ಎರಡು ಹೋಗಿದ್ದವು. ಮೂರನೆಯದರ ಕಂಡಕ್ಟರು, "ಹತ್ತಿ ಯಜಮಾನ್ರೇ" ಎಂದರೆ, ಬಾಯಿ ಮುಚ್ಚದೆ ಕೈಯಲ್ಲೇ ಸನ್ನೆ ಮಾಡಿದರಂತೆ, ಇನ್ನೂ ಒಣಗಿಲ್ಲ ಎಂದು. ಮೇಡಂ ಕ್ಷಮೆ ಕೇಳಿ, ಎಬ್ಬಿಸಿ ಬಸ್ಸು ಹತ್ತಿಸಿದರು. ಆಮೇಲೆ ನನಗೆ ಸಿಕ್ಕಿದ್ದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಮೂರು ತಿಂಗಳಾಗಿತ್ತು. ಯಜಮಾನರು ಅಂಗೈಯಲ್ಲಿ ಬಿದ್ದ ಸಿಮೆಂಟು ಇಟ್ಟುಕೊಂಡು ಬಂದರು. ಮೇಡಂ ಮುಖ ಬಿಳಿಚಿಕೊಂಡಿತು. ಯಜಮಾನರೇ ಸಮಾಧಾನ ಹೇಳಿದರು.

"ನಿಂದೇನ್ ತಪ್ಪಿಲ್ಲ ಬುಡವ್ವ. ಎಬ್ಬುಸ್ಬುಟ್ಟೆ ಅಷ್ಟೇಯ. ಇನ್ನರ್ಧ ಗಂಟೆ ಬಿಸ್ಲು ಬಿದ್ದಿದ್ರೆ ನಿಂತ್ಕತಿತ್ತು."

೨. ಗೂಡು ನೋಡುವ ಕೈ

ಬಿಳಿ ಸಿಮೆಂಟಿನಲ್ಲಿ ಬಿಳಿ ಒಂದೇ ಇಲ್ಲ. ಹಾಲಿನ ಬಿಳಿಯಿಂದ ಬೆಲ್ಲದ ಹಳದಿಯವರೆಗೆ ಹದಿನಾರು ಬಣ್ಣಗಳ ಪುಟ್ಟ ಹಲ್ಲುಗಳು ಒಂದು ಪಟ್ಟಿಯಲ್ಲಿ ಸಾಲಾಗಿ ಇರುತ್ತವೆ. ಪೇಷೆಂಟಿನ ಹಲ್ಲಿನ ಪಕ್ಕ ಹಿಡಿದು ಹೊಂದುವುದನ್ನು ಆರಿಸಬೇಕು.

ರಾಮನಗರದಿಂದ, ಗೂಡು ಬಿಚ್ಚಿ ನೂಲು ತೆಗೆಯುವ ಒಬ್ಬ ರೇಷ್ಮೆ ರೀಲರ್ ಬಂದಿದ್ದರು. ಮೂವತ್ತು ವರ್ಷ ಗೂಡಿನ ಮಾರ್ಕೆಟ್ಟಿನಲ್ಲಿ ಗೂಡು ಆರಿಸಿದ ಕೈ. ಮೇಡಂ ಪಟ್ಟಿ ಕೊಟ್ಟಿದ್ದೇ ತಡ, ಆ ಹಲ್ಲುಗಳನ್ನು ಒಂದೊಂದಾಗಿ ಕಿತ್ತು ಅಂಗೈಗೆ ಹಾಕಿಕೊಂಡರು. ಒತ್ತಿ ನೋಡಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಗೂಡಿನೊಳಗೆ ಹುಳ ಒಣಗಿದೆಯೋ ಇಲ್ಲವೋ ಎಂದು ಹಾಗೇ ಕೇಳಿಸಿಕೊಳ್ಳುತ್ತಾರೆ.

"ಏನೂ ಕೇಳ್ಸಲ್ಲ ಸಾರ್, ಅದು ಪಿಂಗಾಣಿ," ಎಂದೆ.

"ಅಭ್ಯಾಸ ಬುಡಿ," ಎಂದು ಹೇಳಿ, ಎಲ್ಲಕ್ಕಿಂತ ಬಿಳಿಯದನ್ನು ಎತ್ತಿ ಮೇಡಂ ಕೈಗಿಟ್ಟರು. "ಇದು ಫಸ್ಟ್ ಕ್ವಾಲಿಟಿ. ಇದ್ನೇ ಹಾಕಿ."

ಅವರ ಹಲ್ಲು ಎಲೆ ಅಡಿಕೆಯಿಂದ ಹಳೇ ಹಂಚಿನ ಬಣ್ಣಕ್ಕೆ ಬಂದಿತ್ತು. ಮೇಡಂ ಮೆಲ್ಲಗೆ, "ಇದು ನಿಮ್ಮ ಹಲ್ಲಿಗೆ ಹೊಂದಲ್ಲ" ಎಂದರು.

"ನನ್ ಹಲ್ಲು ಹೊಂದ್ಕಳ್ಳಿ ಮೇಡಂ. ಒಳ್ಳೇದ್ ಪಕ್ಕ ಇದ್ರೆ ಕಲೀತವೆ."

ಕೊನೆಗೆ ಮೇಡಂ ಹಳದಿಯದನ್ನೇ ಒಪ್ಪಿಸಿ ಶುರುಮಾಡಿದರು. ಮೇಡಂ ತಿರುಗಿದಾಗ ನಾನು ಸುಮ್ಮನಿರಲಿಲ್ಲ. ಅವರು ಅಲ್ಲಾಡಿಸಿದ ಹಾಗೆಯೇ ಆ ಬಿಳಿ ಹಲ್ಲನ್ನು ನನ್ನ ಕಿವಿಗೆ ಹಿಡಿದು, ಬೆಚ್ಚಿಬಿದ್ದವನಂತೆ, "ಸಾರ್, ಒಳಗ್ ಹುಳ ಐತೆ" ಎಂದೆ. ಮನುಷ್ಯ ಕೆಮ್ಮುವಷ್ಟು ನಕ್ಕರು. ಮತ್ತೆ ಅದೇ ಹತ್ತಿ, ಅದೇ ಪೈಪು, ಅದೇ ಅವಸರ.

ಎರಡು ತಿಂಗಳಿಗೆ ಬಂದರು. ಜೇಬಿನಿಂದ ಕಾಗದದ ಪೊಟ್ಟಣ ಬಿಚ್ಚಿದರೆ ಸಿಮೆಂಟು ಹಾಕಿದ ಆಕಾರದಲ್ಲೇ ಇಡಿಯಾಗಿ ಕೂತಿದೆ, ಒಂದು ಚೂರೂ ಮುರಿದಿಲ್ಲ.

"ಮೇಡಂ, ಗೂಡ್ ಚೆನ್ನಾಗೈತೆ," ಎಂದರು ಬೇಸರದಿಂದ. "ನೂಲು ಮಾತ್ರ ಅರ್ಧ ಗಜನೂ ಬರ್ಲಿಲ್ಲ."

೩. ಸೇಲ್ಸ್‌ಮನ್ನಿನ ದವಡೆ

ಆ ಹೊತ್ತಿಗೆ ಕಟಿಂಗ್ ಶಾಪಿನಿಂದ ಹಿಡಿದು ಮೊಟ್ಟೆ ಅಂಗಡಿಯವರೆಗೆ ಒಂದೇ ಮಾತು. ಹೊಸ ಮೇಡಂ ಸಿಮೆಂಟು ನಿಲ್ಲುವುದಿಲ್ಲ. ನಮ್ಮ ಬೆಂಚು ಖಾಲಿಯಾಗುತ್ತಾ ಬಂತು. ಜನ ಕೆನ್ನೆ ಹಿಡಿದುಕೊಂಡು ನಮ್ಮ ಬಾಗಿಲ ಮುಂದೆಯೇ ರಾಮನಗರದ ಬಸ್ಸು ಹತ್ತುತ್ತಿದ್ದರು.

ಮೇಡಂ ಅಂಟು ಬದಲಾಯಿಸಿದರು. ಸಿಮೆಂಟು ಬದಲಾಯಿಸಿದರು. ಲೈಟಿನ ಶಕ್ತಿ ಕಡಿಮೆಯಾಗಿದೆಯೇನೋ ಎಂದು ಮೀಟರು ತರಿಸಿ ಅಳೆದರು. ಎಲ್ಲ ಸರಿಯಾಗಿತ್ತು. ಒಂದು ದಿನ ನಾನು ಗ್ಲೌಸ್ ತೆಗೆಯಲು ಡ್ರಾಯರು ಎಳೆದರೆ ಕೆಳಗೆ ಒಂದು ಅರ್ಜಿ ಕಂಡಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕೆಲಸ ಕೇಳಿ ಬರೆದದ್ದು. ಮೇಡಂ ಸಹಿಯೂ ಬಿದ್ದಿತ್ತು. ದಿನಾಂಕದ ಜಾಗ ಮಾತ್ರ ಖಾಲಿ. ನಾನು ಡ್ರಾಯರು ಮುಚ್ಚಿದೆ. ಅವತ್ತು ಯಾರನ್ನೂ ನಗಿಸಲಿಲ್ಲ. ಪೇಷೆಂಟೂ ಯಾರೂ ಇರಲಿಲ್ಲ ಅನ್ನಿ.

ಆ ವಾರವೇ ಒಬ್ಬ ಸೇಲ್ಸ್‌ಮನ್ ಬಂದ. ಟೈ, ಬ್ಯಾಗು, ಪ್ಲಾಸ್ಟಿಕ್ ದವಡೆ. "ಮೇಡಂ, ಇದು ಹೊಸ ಸಿಮೆಂಟು. ಪದರ ಪದರ ಬೇಡ, ಒಂದೇ ಸಲ ತುಂಬಿ. ದವಡೆ ಹಲ್ಲಿಗೆ ಅಂತಲೇ ಮಾಡಿರೋದು. ಕಲ್ಲು ಕಡಿದರೂ ಏನಾಗಲ್ಲ."

ಮೇಡಂ ಕೇಳುತ್ತಲೇ ಇದ್ದರು. ನಾನು ನಡುವೆ ಬಾಯಿ ಹಾಕಿದೆ. "ಸಾರ್, ನಿಮ್ ದವಡೇಲೂ ಇದೇನಾ ಇರೋದು?"

ಅವನು ಪ್ಲಾಸ್ಟಿಕ್ ದವಡೆ ಮೇಜಿನ ಮೇಲಿಟ್ಟ. ಮೇಡಂಗೂ ಕುತೂಹಲ. "ಬಾಯಿ ತೆಗೀರಿ ನೋಡೋಣ." ಬ್ಯಾಟರಿ ಬಿಟ್ಟರೆ ಮೇಲೆರಡು ಕೆಳಗೆರಡು, ನಾಲ್ಕೂ ಬೆಳ್ಳಿ ಸಿಮೆಂಟು. ಕಪ್ಪಗೆ ಹೊಳೆಯುತ್ತಿತ್ತು.

ಅವನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಾಯಿ ಮುಚ್ಚಿ ಹೆಮ್ಮೆಯಿಂದ ಹೇಳಿದ.

"ಹದಿನೆಂಟು ವರ್ಷ ಆಯ್ತು ಮೇಡಂ. ಒಂದೂ ಅಲ್ಲಾಡಿಲ್ಲ."

೪. ಸಾಹೇಬ್ರು ನಗಲಿಲ್ಲ

ನಮ್ಮ ಬೀದಿಯ ಕೊನೆಯಲ್ಲಿ ಗೊಂಬೆ ಮಾಡುವ ಸಾಹೇಬ್ರು ಇದ್ದಾರೆ. ಅರವತ್ತು ದಾಟಿದೆ. ಲೇತ್ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅವರ ಕೆಳದವಡೆಯ ಹಲ್ಲಿಗೆ ಹುಳುಕಾಗಿತ್ತು. ಊರೆಲ್ಲ ರಾಮನಗರಕ್ಕೆ ಹೋಗುತ್ತಿರುವಾಗ ಅವರು ನಮ್ಮಲ್ಲಿಗೇ ಬಂದರು. ಮೇಡಂ ಮರೆಮಾಚಲಿಲ್ಲ.

"ಸಾಹೇಬ್ರೇ, ನಾನ್ ಹಾಕಿದ್ದು ನಿಲ್ತಿಲ್ಲ. ನಿಮ್ಮದು ಆರು ತಿಂಗಳು ನಿಂತ್ರೆ ನಾನೂ ಈ ಊರಲ್ಲಿ ನಿಲ್ತೀನಿ. ಇಲ್ಲಾಂದ್ರೆ ಬಾಗಿಲು ಹಾಕ್ತೀನಿ."

"ಬಿದ್ದಿದ್ದು ಇಟ್ಟಿದ್ದೀರಾ ಅಮ್ಮಾ?"

ಮೇಡಂ ಒಂದು ಡಬ್ಬಿಯಲ್ಲಿ ಎಲ್ಲವನ್ನೂ ಕೂಡಿಟ್ಟಿದ್ದರು. ಸಾಹೇಬ್ರು ಕನ್ನಡಕ ಏರಿಸಿ, ಒಂದೊಂದನ್ನೂ ಮಗುಚಿ, ಹಿಂಬದಿಯನ್ನು ಉಗುರಿನಲ್ಲಿ ಸವರಿದರು.

"ನೋಡಿ, ಕನ್ನಡಿ ಇದ್ದಂಗೈತೆ. ಹಿಡ್ಕೊಂಡು ಆಮೇಲೆ ಕಿತ್ತಿದ್ರೆ ಒರಟಾಗಿರ್ಬೇಕು. ಇದು ಹಿಡ್ಕೊಂಡೇ ಇಲ್ಲ. ನಮ್ಮಲ್ಲೂ ಮರ ಒದ್ದೆ ಇದ್ರೆ ಅರಗು ಹಿಂಗೇ ಬಿಲ್ಲೆ ಬಿಲ್ಲೆ ಎದ್ದು ಬತ್ತದೆ."

"ಒಣಗಿಸಿಯೇ ಹಾಕ್ತೀನಲ್ಲಾ."

"ಹಾಕಿ ನೋಡೋಣ," ಎಂದು ಕುರ್ಚಿ ಹತ್ತಿದರು.

ಮೇಡಂ ಕೊರೆದರು, ನೀಲಿ ಜೆಲ್ ಹಚ್ಚಿ ತೊಳೆದರು, ಗಾಳಿ ಹೊಡೆದರು, ಅಂಟಿಗಾಗಿ ತಿರುಗಿದರು. ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು. ಹಳೇ ಡಾಕ್ಟರು ಪೇಷೆಂಟಿನ ಎದೆಗೆ ಮಂಡಿ ಕೊಟ್ಟು ಹಲ್ಲು ಕೀಳುತ್ತಿದ್ದುದನ್ನು ಅಭಿನಯಿಸಿ ತೋರಿಸಿದೆ. ನನ್ನ ಹತ್ತಿರ ಇದಕ್ಕಿಂತ ಒಳ್ಳೆಯದು ಇಲ್ಲ. ಸಾಹೇಬ್ರು ನಗಲಿಲ್ಲ. ಬಾಯಿ ತೆರೆದುಕೊಂಡೇ ನನ್ನನ್ನು ನೋಡಿದರು, ಗಂಟಿರುವ ಮರದ ತುಂಡನ್ನು ನೋಡುವ ಹಾಗೆ. ಹತ್ತಿ ಸುರುಳಿ ಇಟ್ಟಲ್ಲೇ ಇತ್ತು.

ಐದು ಪದರ. ಪ್ರತಿಯೊಂದಕ್ಕೂ ಅವರು ಒಂದೊಂದು ಬೆರಳು ಮಡಿಸಿದರು. ಮುಗಿದ ಮೇಲೆ ಬಾಯಿ ಮುಕ್ಕಳಿಸಿ, ಗಡ್ಡ ಒರೆಸಿಕೊಂಡು, ನನ್ನ ಕಡೆ ನೋಡದೆ ಮೇಡಂ ಹತ್ತಿರ ಮಾತಾಡಿದರು.

"ನಮ್ ಕಾರ್ಖಾನೇಲಿ ಒಬ್ಬ ಇದ್ದ ಅಮ್ಮಾ. ಒಳ್ಳೆ ಮನುಷ್ಯ. ಬಣ್ಣ ಹಿಡಿಸೋ ಹೊತ್ಗೆ ಸರಿಯಾಗಿ ಪಕ್ಕದೋರಿಗೆ ಏನಾರಾ ಹೇಳಿ ನಗಿಸೋನು. ಅವ್ರು ನಕ್ರೆ ಎಂಜಲು ಹಾರಿ ಮರದ್ ಮೇಲೆ ಬೀಳೋದು. ಯಾರಿಗ್ ಕಾಣ್ತದೆ? ಮೂರ್ ತಿಂಗ್ಳಿಗೆ ಬಣ್ಣ ಏಳೋದು. ನಾನು ಅರಗು ಬದಲಾಯಿಸ್ದೆ, ಮರ ಬದಲಾಯಿಸ್ದೆ. ತಿಳಿಯೋಕೆ ಒಂದ್ ವರ್ಷ ಬೇಕಾಯ್ತು."

ಮೇಡಂ ನಿಧಾನವಾಗಿ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿದ್ದ ಪೈಪು ಗಾಳಿಯನ್ನು ಎಳೆಯುತ್ತಾ ಸದ್ದು ಮಾಡುತ್ತಿತ್ತು.

ಗೊತ್ತಿರಲಿಲ್ಲ ಎಂದು ಇಲ್ಲಿ ಬರೆಯಬಹುದಿತ್ತು, ನೀವೂ ನಂಬುತ್ತಿದ್ದಿರಿ. ರೀಲರ್ ಪೊಟ್ಟಣ ಬಿಚ್ಚಿದ ದಿನವೇ ನನಗೆ ಅನುಮಾನ ಬಂದಿತ್ತು. ಆದರೆ ಇಪ್ಪತ್ತಮೂರು ವರ್ಷ ನಗಿಸಿಯೇ ಬದುಕಿದವನು ಅಂಥ ಅನುಮಾನವನ್ನು ಬೆಳೆಯಗೊಡುವುದಿಲ್ಲ. ಅಂಟು ಸರಿಯಿಲ್ಲವೇನೋ ಎಂದು ಮೇಡಂಗೆ ಹೇಳಿದವನೂ ನಾನೇ.

ಮೇಡಂ ಕೇಳಿದರು. "ಅವನನ್ನ ಏನ್ ಮಾಡಿದ್ರಿ ಸಾಹೇಬ್ರೇ?"

"ಪ್ಯಾಕಿಂಗ್‌ಗೆ ಹಾಕ್ದೆ ಅಮ್ಮಾ. ಡಬ್ಬಗಳು ನಗಲ್ಲ."

೫. ಪ್ಯಾಕಿಂಗ್ ಡ್ಯೂಟಿ

ನನ್ನನ್ನೂ ಹಾಕಿದರು. ಮುಂದಿನ ಕೋಣೆಯಲ್ಲಿ ಮೇಜು, ಕುರ್ಚಿ, ಹೆಸರು ಬರೆಯುವ ನೋಟ್‌ಬುಕ್ಕು. ಮೇಡಂ ಬೈಯಲಿಲ್ಲ. ಬೈದಿದ್ದರೆ ಒಂದು ಮಾತು ತಿರುಗಿ ಹೇಳಿ ನಗಿಸಿ ಪಾರಾಗುತ್ತಿದ್ದೆ. ಒಳಗೆ ಪೈಪು ಹಿಡಿಯಲು ಒಬ್ಬ ನರ್ಸಮ್ಮನನ್ನು ಗೊತ್ತುಮಾಡಿದರು. ಆಕೆ ಮಾತಾಡುವುದೇ ಇಲ್ಲ.

ಆರು ತಿಂಗಳಲ್ಲಿ ಒಂದು ಸಿಮೆಂಟೂ ಬೀಳಲಿಲ್ಲ. ಮೇಡಂ ಪ್ರತಿ ಸೋಮವಾರ ಕೇಳುತ್ತಿದ್ದರು, "ಯಾರಾದ್ರೂ ವಾಪಸ್ ಬಂದ್ರಾ ಅಣ್ಣಾ?" "ಇಲ್ಲ ಮೇಡಂ" ಎಂದು ನಾನೇ ಹೇಳಬೇಕಿತ್ತು. ಒಬ್ಬ ಮನುಷ್ಯನ ಗೈರುಹಾಜರಿಯಿಂದ ಇಷ್ಟು ಒಳ್ಳೆಯದಾಗುವುದನ್ನು ಆ ಮನುಷ್ಯನೇ ವಾರವಾರ ವರದಿ ಮಾಡುವುದು ಸಣ್ಣ ಶಿಕ್ಷೆಯಲ್ಲ.

ಆದರೆ ಇನ್ನೊಂದು ತೊಂದರೆ ಶುರುವಾಯಿತು. ಒಳಗೆ ಮಾತೇ ಇಲ್ಲದ್ದರಿಂದ ಕೊರೆಯುವ ಮಿಷನ್ನಿನ ಸದ್ದು ಬೆಂಚಿನವರೆಗೂ ಕೇಳುತ್ತಿತ್ತು. ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಲೋಡು ಎತ್ತುವ ಆಳು, ಬಾಗಿಲಷ್ಟು ಅಗಲ, ಕುತ್ತಿಗೆಗೆ ಕಟ್ಟಿದ್ದ ಪ್ಲಾಸ್ಟಿಕ್ ಬಟ್ಟೆಯ ಸಮೇತ ಎದ್ದು ಓಡಿದ. ನಾನು ಹಿಂದೆ ಹೋಗುವಷ್ಟರಲ್ಲಿ ಕನಕಪುರದ ಬಸ್ಸು ಹೊರಟಿತ್ತು. ಮರುದಿನ ಕಂಡಕ್ಟರು ಆ ಬಟ್ಟೆ ಮಡಿಸಿ ತಂದುಕೊಟ್ಟು, "ಹೆದರ್ಕೊಂಡು ಟಿಕೆಟ್ಟೂ ಕೇಳ್ಲಿಲ್ಲ ಸಾರ್, ಯಾವ್ದೋ ಆಪರೇಶನ್ ಅರ್ಧಕ್ ಬಿಟ್ ಬಂದವ್ನೆ ಅನ್ಕೊಂಡೆ" ಎಂದ.

ಆ ತಿಂಗಳು ಹಾಗೆ ಓಡಿದವರಲ್ಲಿ ಅವನು ನಾಲ್ಕನೆಯವನು. ಸಂಜೆ ಮೇಡಂ ನನ್ನ ಮೇಜಿನ ಮುಂದೆ ಬಂದು ಕೂತರು.

"ಅಣ್ಣಾ, ನೀವಿದ್ರೆ ಸಿಮೆಂಟು ನಿಲ್ಲಲ್ಲ. ನೀವಿಲ್ದಿದ್ರೆ ಪೇಷೆಂಟ್ ನಿಲ್ಲಲ್ಲ. ನಾನೇನ್ ಮಾಡ್ಲಿ ಹೇಳಿ."

೬. ತಳ ಒಣಗಲಿ

ದಾರಿ ಒಂದಿತ್ತು. ರಬ್ಬರ್ ಹಾಳೆ. ತೆಳ್ಳಗಿನ ಹಾಳೆಗೆ ತೂತು ಹೊಡೆದು, ಕೆಲಸದ ಹಲ್ಲನ್ನು ಮಾತ್ರ ಆಚೆ ತೂರಿಸಿ, ಕ್ಲಿಪ್ಪು ಹಾಕಿ, ಬಾಯಿಯನ್ನೆಲ್ಲ ಮುಚ್ಚುವುದು. ನಕ್ಕರೂ ಅತ್ತರೂ ಎಂಜಲು ಹಲ್ಲಿಗೆ ತಾಕುವುದಿಲ್ಲ. ಮೇಡಂ ಬಂದ ಹೊಸದರಲ್ಲೇ ತರಿಸಿದ್ದರು. ಬಾಯಿಗೆ ಚರ್ಮ ಹೊಲೀತಾರೆ ಎಂದು ಜನ ಒಪ್ಪಿರಲಿಲ್ಲ.

"ಯಾರಾದ್ರೂ ಒಬ್ರು ಮೊದಲು ಹಾಕಿಸಿಕೊಂಡು ತೋರಿಸಬೇಕು," ಎಂದು ಹೇಳಿ ಮೇಡಂ ನನ್ನನ್ನೇ ನೋಡಿದರು. "ನಿಮ್ಮ ದವಡೆ ಹಲ್ಲಲ್ಲಿ ತೂತಿದೆ. ನೀವು ನಗೋವಾಗ ನೋಡಿದೀನಿ."

ಎಂಟು ವರ್ಷದಿಂದ ಮುಚ್ಚಿಟ್ಟಿದ್ದೆ. ಸಾವಿರಾರು ಜನರನ್ನು ಆ ಕುರ್ಚಿಗೆ ಹತ್ತಿಸಿದ ನಾನು ಒಮ್ಮೆಯೂ ಹತ್ತಿರಲಿಲ್ಲ. ನನ್ನಷ್ಟು ಹೆದರುವ ಪೇಷೆಂಟು ಚನ್ನಪಟ್ಟಣದಲ್ಲಿಲ್ಲ. ಇದು ಪೂರ್ತಿ ನಿಜ.

ಮೇಡಂ ಬೇಕೆಂದೇ ಆ ದಿನ ಎಲ್ಲರನ್ನೂ ಕರೆಸಿದ್ದರು. ಬೈರಮಂಗಲದ ಯಜಮಾನರು ಮತ್ತು ರೀಲರ್, ಇಬ್ಬರೂ ಬಿದ್ದದ್ದನ್ನು ಇಷ್ಟು ದಿನ ಹಾಗೇ ಬಿಟ್ಟಿದ್ದವರು, ಈಗ ಮತ್ತೆ ಹಾಕಿಸಿಕೊಳ್ಳಲು. ಸಾಹೇಬ್ರು, ಆರು ತಿಂಗಳ ತಪಾಸಣೆಗೆ. ಮೇಡಂ ಮೊದಲು ಸಾಹೇಬ್ರ ಬಾಯಿ ನೋಡಿದರು. ಸೂಜಿಯಂಥ ಕಡ್ಡಿಯಲ್ಲಿ ಸಿಮೆಂಟಿನ ಅಂಚನ್ನು ಸುತ್ತಲೂ ಗೀರಿದರು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಆಮೇಲೆ ಡ್ರಾಯರು ಎಳೆದು ಆ ಬೆಂಗಳೂರಿನ ಅರ್ಜಿ ಆಚೆ ತೆಗೆದರು.

ಅವರು ಅದನ್ನು ಮಗುಚಿ, ಖಾಲಿ ಬದಿಯಲ್ಲಿ ದವಡೆಯ ಚಿತ್ರ ಬರೆದು, ಹಲ್ಲು ಹಲ್ಲಿಗೂ ತೂತು ಹೊಡೆದರು. ರಬ್ಬರಿನ ಮೇಲೆ ಅದನ್ನಿಟ್ಟು ಪೆನ್ನಿನಲ್ಲಿ ಗುರುತು ಮಾಡಬೇಕಿತ್ತಲ್ಲ, ಅದಕ್ಕೆ ಅಚ್ಚು. ದಿನಾಂಕ ಬರೆಯಬೇಕಿದ್ದ ಜಾಗದಲ್ಲಿ ನನ್ನ ದವಡೆ ಹಲ್ಲಿನ ತೂತು ಬಿತ್ತು. ಅದು ಇವತ್ತಿಗೂ ನಮ್ಮ ಗೋಡೆಯ ಮೇಲೆ ಮೊಳೆಗೆ ನೇತಾಡುತ್ತಿದೆ.

ಇಂಜೆಕ್ಷನ್ ಆಯಿತು, ಕ್ಲಿಪ್ಪು ಕೂತಿತು, ರಬ್ಬರು ಬಿಗಿಯಿತು. ಜೀವನದಲ್ಲಿ ಮೊದಲ ಸಲ ನಾನು ಮಾತಾಡುವ ಹಾಗಿರಲಿಲ್ಲ. ಮೇಡಂ ಅಂಟಿನ ಬಾಟಲಿಗೆಂದು ಹಿಂದೆ ತಿರುಗಿದರು. ಆ ಗಳಿಗೆಗೇ ಕಾದಿದ್ದವರಂತೆ ರೀಲರ್ ಬಗ್ಗಿ, ಆ ಬಣ್ಣದ ಪಟ್ಟಿಯನ್ನು ನನ್ನ ಕೆನ್ನೆಯ ಪಕ್ಕ ಹಿಡಿದರು.

"ಯಾವ್ದಕ್ಕೂ ಮ್ಯಾಚ್ ಆಗ್ತಿಲ್ಲ ಸಾಹೇಬ್ರೇ. ಇದು ಮಾರ್ಕೆಟ್ಟಲ್ಲಿ ಕೊನೇಗ್ ಉಳಿಯೋ ಗೂಡು."

ಆಮೇಲೆ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿದರು.

"ಒಳಗೇನೂ ಇಲ್ಲ."

ನನ್ನ ಹೊಟ್ಟೆ ಕುಲುಕಿತು, ಕಣ್ಣಲ್ಲಿ ನೀರು ಬಂತು, ರಬ್ಬರು ನಗಾರಿಯ ಹಾಗೆ ಉಬ್ಬಿ ಇಳಿಯಿತು. ಹಲ್ಲು ಮಾತ್ರ ಒಣಗಿಯೇ ಇತ್ತು. ಮೇಡಂ ಇತ್ತ ತಿರುಗಿ, ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟರು. ಎರಡು ವರ್ಷದಲ್ಲಿ ಅವರ ಭುಜ ಸಡಿಲವಾಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಪದರದ ಮೇಲೆ ಪದರ, ಲೈಟಿನ ಮೇಲೆ ಲೈಟು, ಕೊನೆಗೆ ಪಾಲಿಶು.

"ಮುಗೀತು. ರಬ್ಬರ್ ತೆಗೀತೀನಿ," ಎಂದರು.

"ಒಸಿ ಇರಿ ಅಮ್ಮಾ," ಎಂದರು ಸಾಹೇಬ್ರು. ನನ್ನ ಹಲ್ಲನ್ನು ನೋಡಿದರು, ಆಮೇಲೆ ನನ್ನ ಕಣ್ಣನ್ನು. "ಹಲ್ಲು ಒಣಗೈತೆ. ಮನುಷ್ಯ ಇನ್ನೂ ಒಣಗಿಲ್ಲ."

ಮೇಡಂ ಗಡಿಯಾರ ನೋಡಿ, ಕೈಯಿಂದ ಗ್ಲೌಸ್ ಕಳಚಿದರು. "ಬನ್ನಿ, ಎಲ್ಲಾ ಒಂದೊಂದ್ ಟೀ ಕುಡ್ಕೊಂಡ್ ಬರೋಣ."

ನಾನು ಕೈ ಬೀಸಿದೆ, ಕಾಲು ಬಡಿದೆ. ಯಾರೂ ಗಮನಿಸಲಿಲ್ಲ. ಮಾತೇ ಆಡದ ನರ್ಸಮ್ಮ ಕೂಡ ಬಾಯಿಗೆ ಸೆರಗು ಒತ್ತಿಕೊಂಡು ಹೊರಟಳು. ಎಲ್ಲರ ಹಿಂದೆ ಬೈರಮಂಗಲದ ಯಜಮಾನರು. ಅವರು ಬಾಗಿಲವರೆಗೆ ಹೋಗಿ, ಏನೋ ನೆನಪಾದವರಂತೆ ತಿರುಗಿ ಬಂದು, ನನ್ನ ತಲೆಯ ಪಕ್ಕದ ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿದರು. ಮಧ್ಯಾಹ್ನದ ಬಿಸಿಲು ನೇರವಾಗಿ ನನ್ನ ಬಾಯಿಯ ಮೇಲೆ ಬಿತ್ತು.

"ತಳ ಒಣಗ್ಲಿ ಕಾಂಪೌಂಡ್ರೇ," ಎಂದರು. "ಅರ್ಧ ಗಂಟೆ ಸಾಕು."